ಬಿಟ್ಟು ಬಿಟ್ಟು ಹೊಡೆಯುವ ಎಂಜಿನ್ನು

ಮೊನ್ನೆ ನಮ್ಮ ಬೀದಿಯ ಕೊನೆಯಲ್ಲಿರುವ ದಿನಸಿ ಅಂಗಡಿಗೆ ಹೋಗಿ ಕಾಲು ಕೆಜಿ ಸಕ್ಕರೆ ಕೇಳಿದೆ. ಅಂಗಡಿಯವನು ಕೈಯಲ್ಲಿದ್ದ ಪೊಟ್ಟಣ ಕೆಳಗಿಟ್ಟು ನನ್ನ ಮುಖ ನೋಡಿದ.

"ಮೇಷ್ಟ್ರೇ, ನನ್ ಕಿವಿ ಚೆನ್ನಾಗೇ ಐತೆ. ಯಾಕಿಂಗೆ ಕಿರುಚ್ತೀರಾ? ಮೆತ್ತಗೆ ಕೇಳಿ, ಕೊಡ್ತೀನಿ" ಎಂದ.

ಅಲ್ಲಿದ್ದ ಇಬ್ಬರು ಹೆಂಗಸರು ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕರು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ? ಆದರೆ ಸಕ್ಕರೆ ಹಿಡಿದುಕೊಂಡು ಮನೆ ಸೇರುವಷ್ಟರಲ್ಲಿ ಕಣ್ಣು ಒದ್ದೆಯಾಗಿತ್ತು.

ನನ್ನ ಗಂಟಲು ಹೀಗೆ ಮೇಲಕ್ಕೇರಿ ಅಲ್ಲೇ ಕೂತಿರುವುದಕ್ಕೆ ನನ್ನ ಅಕ್ಕ ಕಾರಣ. ಅಕ್ಕ ಹೋಗಿ ಏಳು ತಿಂಗಳಾಯಿತು. ಅವಳಿಗೆ ಎರಡೂ ಕಿವಿ ಕೇಳುತ್ತಿರಲಿಲ್ಲ. ಬಲಗಿವಿ ಅವಳ ಮೂವತ್ತೊಂದನೇ ವಯಸ್ಸಿನಲ್ಲೇ ಹೋಯಿತು. ಎಡಗಿವಿ ಮಾತ್ರ ಬಹಳ ಕಾಲ ಚುರುಕಾಗಿದ್ದು, ಹದಿನೈದು ವರ್ಷದ ಹಿಂದೆ ಅದೂ ಸೋರಿ ಸೋರಿ ಮುಚ್ಚಿಕೊಂಡಿತು. ಕಿವಿಗಿಡುವ ಮಿಶಿನ್ ತಂದುಕೊಟ್ಟರೆ ಸೋರುವ ಕಿವಿಯಲ್ಲಿ ಅದು ನಿಲ್ಲುತ್ತಿರಲಿಲ್ಲ. ತುಮಕೂರಿನ ಡಾಕ್ಟರು, "ಪರದೆ ಹೋಗಿದೆ, ಒಳಗಿನ ಸಣ್ಣ ಮೂಳೆ ಸವೆದಿದೆ, ಕೇಳಿಸೋ ನರ ಮಾತ್ರ ಇನ್ನೂ ಗಟ್ಟಿ ಇದೆ, ಆಪರೇಷನ್ ಮಾಡಿಸಿ" ಎಂದರು. "ಈ ವಯಸ್ನಾಗೆ ಕಿವಿ ಕುಯ್ಸ್ಕೊಂಡು ಯಾರ್ ಮಾತು ಕೇಳ್ಬೇಕಾಗೈತೆ, ಬುಡು" ಎಂದು ಅಕ್ಕ ಎದ್ದು ಬಂದಳು.

ಹಾಗಾಗಿ ನಮ್ಮ ಮನೆಯಲ್ಲಿ ಗುಟ್ಟು ಎನ್ನುವುದೇ ಇರಲಿಲ್ಲ. ಅವಳಿಗೆ ಏನೇ ಹೇಳಬೇಕಾದರೂ ಕಿವಿಯ ಹತ್ತಿರ ಬಾಗಿ, ನರ ಉಬ್ಬಿಸಿ ಕೂಗಬೇಕು. ನಮ್ಮ ಮನೆಯ ಮಧ್ಯಾಹ್ನದ ಅಡಿಗೆ ಬಸ್ಸಾರೋ ಹುರುಳಿಕಾಳಿನ ಸಾರೋ ಎನ್ನುವುದು ಮಧುಗಿರಿ ಬೆಟ್ಟದ ಬುಡದಿಂದ ಬಸ್‌ಸ್ಟ್ಯಾಂಡಿನವರೆಗೆ ಎಲ್ಲರಿಗೂ ಗೊತ್ತಿರುತ್ತಿತ್ತು. "ನಿಮ್ಮಿಬ್ಬರಿಂದ ಮೈಕ್ ಸೆಟ್ಟಿನವನ ಹೊಟ್ಟೆ ಮೇಲೆ ಹೊಡೆದ ಹಾಗಾಯ್ತು" ಎನ್ನುತ್ತಿದ್ದಳು ನನ್ನ ಹೆಂಡತಿ ಸರೋಜ. ಎಲ್ಲವನ್ನೂ ಕೂಗಿದೆ. ಒಂದು ಮಾತನ್ನು ಮಾತ್ರ ಕೂಗಲಾಗಲಿಲ್ಲ. ಆ ಮಾತಿನ ಬದಲಿಗೆ ಒಂದು ಎಂಜಿನ್ ತಂದೆ. ಅದರ ಕಥೆಯೇ ಇದು.

ಎಂಜಿನ್ ಎಂದ ಕೂಡಲೇ ನಿಮ್ಮ ಕಿವಿಗೆ ಬರುವುದು ತಕತಕತಕ ಎಂದು ಒಂದೇ ಸಮನೆ ಬಡಿದುಕೊಳ್ಳುವ ಡೀಸೆಲ್ ಎಂಜಿನ್ನಿನ ಸದ್ದು. ನಮ್ಮದು ಅದಲ್ಲ. ಕೊಡಿಗೇನಹಳ್ಳಿಯಲ್ಲಿ ನಮ್ಮಪ್ಪನದೊಂದು ಹಿಟ್ಟಿನ ಮಿಲ್ಲಿತ್ತು. ಮಿಲ್ಲು ಎನ್ನುವುದು ದೊಡ್ಡ ಮಾತು. ಹೆಂಚಿನ ಮಾಡು, ಒಂದು ಜೊತೆ ಬೀಸುವ ಕಲ್ಲು, ಅದನ್ನು ತಿರುಗಿಸುವ ಒಂದು ಪೆಟ್ರೋಲ್ ಎಂಜಿನ್. ಯಾವುದೋ ದೇಶದಲ್ಲಿ ಎರಕ ಹೊಯ್ದು, ಯಾವುದೋ ದೊರೆಯ ತೋಟದಲ್ಲಿ ನೀರೆತ್ತಿ, ಮುದಿಯಾದ ಮೇಲೆ ನಮ್ಮಪ್ಪನ ಕೈಗೆ ಬಿದ್ದ ಮಾಲು. ಎರಡು ಪಕ್ಕಕ್ಕೆ ಎರಡು ದೊಡ್ಡ ಚಕ್ರ, ನಡುವೆ ಮಲಗಿದ ಒಂದೇ ಸಿಲಿಂಡರು, ಅದರ ನೆತ್ತಿಯ ಮೇಲೆ ಬಾಯಿ ತೆರೆದ ನೀರಿನ ತೊಟ್ಟಿ.

ಅದರ ವಿಶೇಷ ಇದ್ದದ್ದು ಅದು ಹೊಡೆಯುವುದರಲ್ಲಲ್ಲ, ಹೊಡೆಯದೆ ಬಿಡುವುದರಲ್ಲಿ. ಒಂದು ಸಲ "ಡಬ್" ಎಂದು ಹೊಡೆದರೆ ಚಕ್ರಕ್ಕೆ ವೇಗ ಬರುತ್ತದೆ. ವೇಗ ಸಾಕು ಎನಿಸಿದ ಕೂಡಲೇ ಒಂದು ಸಣ್ಣ ಕೊಕ್ಕೆ ಬಂದು ಹೊಗೆ ಬಿಡುವ ಬಾಗಿಲನ್ನು ತೆರೆದೇ ಹಿಡಿದುಬಿಡುತ್ತದೆ. ಆಗ ಪೆಟ್ರೋಲೂ ಇಲ್ಲ, ಹೊಡೆತವೂ ಇಲ್ಲ. ಚಕ್ರದ ತೂಕವೇ ಅದನ್ನು ತಿರುಗಿಸುತ್ತಿರುತ್ತದೆ. ಫುಸ್, ಫುಸ್, ಫುಸ್ ಎಂದು ಗಾಳಿ ಮಾತ್ರ. ವೇಗ ತಗ್ಗಿದಾಗ ಕೊಕ್ಕೆ ಬಿಟ್ಟುಕೊಳ್ಳುತ್ತದೆ, ಮತ್ತೆ ಡಬ್. ಬೇಕಾದಾಗ ಮಾತ್ರ ಕುಡಿಯುವ ಎಂಜಿನ್ ಎಂದು ಅಪ್ಪನಿಗೆ ಅದರ ಮೇಲೆ ಬಲು ಅಭಿಮಾನ. ಊರಿನ ಗಂಡಸರಲ್ಲಿ ಆ ಗುಣ ಇಲ್ಲವಲ್ಲ ಎಂದು ರಾಗಿ ಬೀಸಿಸಲು ಬಂದ ಹೆಂಗಸರು ಹೇಳಿಕೊಳ್ಳುತ್ತಿದ್ದರು.

ಅದನ್ನು ಓಡಿಸುತ್ತಿದ್ದವಳು ನನ್ನ ಅಕ್ಕ, ಪುಟ್ಟಗಂಗಮ್ಮ. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಕೊರಟಗೆರೆ ಕಡೆಗೆ ಕೊಟ್ಟಿದ್ದರು. ಎರಡೇ ವರ್ಷಕ್ಕೆ ಭಾವ ತೀರಿಕೊಂಡು, ಇಪ್ಪತ್ತರ ಹೊತ್ತಿಗೆ ವಾಪಸು ಬಂದಳು. ಅವ್ವ ಇಲ್ಲದ ಮನೆ. ಬಂದವಳು ಮೊದಲು ನನ್ನನ್ನು ಸಾಕಿದಳು, ಆಮೇಲೆ ಎಂಜಿನ್ನನ್ನು ಸಾಕಿದಳು. ಅಪ್ಪನಿಗೆ ಹೊಲದ ಕೆಲಸ ಹೆಚ್ಚಾದಂತೆ ಮಿಲ್ಲು ಪೂರ್ತಿ ಅವಳ ಕೈಗೇ ಬಂತು. ಊರು ಅವಳನ್ನು ಮಿಲ್ ಗಂಗಕ್ಕ ಎಂದು ಕರೆಯಿತು. ಸೀರೆ ಎತ್ತಿ ಕಟ್ಟಿ, ಎಂಜಿನ್ನಿನ ಕಟ್ಟೆಗೆ ಒಂದು ಕಾಲು ಕೊಟ್ಟು, ಚಕ್ರದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಎಳೆತಕ್ಕೆ ಚಾಲೂ ಮಾಡುತ್ತಿದ್ದಳು. ಎಲ್ಲಿ ಹಿಡಿಯಬೇಕು ಎನ್ನುವುದಕ್ಕೆ ಚಕ್ರದ ಅಂಚಿನಲ್ಲಿ ಬಿಳಿ ಬಣ್ಣದ ಒಂದು ಗೀಟು ಎಳೆದಿದ್ದಳು. ಪ್ರತಿ ಆಯುಧಪೂಜೆಗೂ ಅದರ ಮೇಲೆ ಹೊಸ ಬಣ್ಣ.

ಅವಳ ಇನ್ನೊಂದು ವಿದ್ಯೆ ಯಾವ ಪುಸ್ತಕದಲ್ಲೂ ಇಲ್ಲದ್ದು. ಎರಡು ಹೊಡೆತದ ನಡುವೆ ಬರುವ ಫುಸ್‌ಗಳನ್ನು ಅವಳು ಉಸಿರು ಎನ್ನುತ್ತಿದ್ದಳು, ಎಣಿಸುತ್ತಿದ್ದಳು. ಕಲ್ಲಿನ ಬಾಯಿಯಲ್ಲಿ ರಾಗಿ ತುಂಬಿದ್ದರೆ ಭಾರ ಹೆಚ್ಚು, ಒಂದೇ ಉಸಿರು. ಗೋಧಿಯಾದರೆ ಎರಡು. ಕಾಳು ಮುಗಿಯುತ್ತ ಬಂದರೆ ನಾಲ್ಕು, ಆರು. ಪೂರ್ತಿ ಖಾಲಿಯಾದರೆ ಹತ್ತು. ಹಿತ್ತಲಿನ ಅಡಿಗೆಮನೆಯಲ್ಲಿ ಮುದ್ದೆ ತೊಳಸುತ್ತಲೇ, "ಗಿರೀ, ಆರುಸ್ರು ಬಂತು ಕಣ್ಲಾ, ಓಗಿ ಕಾಳು ಸುರಿ" ಎಂದು ಕೂಗುವಳು. ನನ್ನ ಹೆಸರು ಮೂಡಲಗಿರಿ. ಅವಳ ಬಾಯಲ್ಲಿ ಕೊನೆಯವರೆಗೂ ಗಿರಿಯೇ. ಓಡಿಹೋಗಿ ನೋಡಿದರೆ ಕಲ್ಲಿನ ಬಾಯಲ್ಲಿ ಹಿಡಿ ಕಾಳು ಮಾತ್ರ ಉಳಿದಿರುತ್ತಿತ್ತು. ಒಂದು ದಿನವೂ ಲೆಕ್ಕ ತಪ್ಪಿದ್ದು ನನಗೆ ನೆನಪಿಲ್ಲ.

ಎಂಜಿನ್ ಓಡಿ ಓಡಿ ನೆತ್ತಿಯ ತೊಟ್ಟಿಯಲ್ಲಿ ನೀರು ಕುದಿಯುವುದು. ಬೀಸಿಸಲು ಬಂದವರು ಹಸಿ ಕಡಲೆಕಾಯಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅದರೊಳಗೆ ಇಳಿಬಿಡುತ್ತಿದ್ದರು. ಹಿಟ್ಟು ಕೈಗೆ ಬರುವ ಹೊತ್ತಿಗೆ ಕಾಯಿ ಬೆಂದಿರುತ್ತಿತ್ತು. ಉಪ್ಪು ಹಾಕಲು ಮಾತ್ರ ಅಕ್ಕ ಬಿಡುತ್ತಿರಲಿಲ್ಲ. "ನಿಮ್ ನಾಲ್ಗೆ ರುಚಿಗೆ ನನ್ ಎಂಜಿನ್ ತುಕ್ಕು ಇಡೀಬೇಕಾ?" ಸಪ್ಪೆ ಕಡಲೆಕಾಯಿಯನ್ನು ಅಂಗೈಯಲ್ಲಿ ಉಪ್ಪಿಟ್ಟುಕೊಂಡು ಅದ್ದಿ ತಿನ್ನುತ್ತಿದ್ದೆವು. ಸ್ವಲ್ಪ ಪೆಟ್ರೋಲಿನ ವಾಸನೆ ಬರುತ್ತಿತ್ತು. ಈಗಲೂ ಸಂತೆಯಲ್ಲಿ ಬೇಯಿಸಿದ ಕಡಲೆಕಾಯಿ ಕೊಂಡರೆ ಏನೋ ಕಮ್ಮಿ ಎನಿಸುತ್ತದೆ.

ಇಷ್ಟು ಚೆನ್ನಾಗಿದ್ದ ಸಂಸಾರಕ್ಕೆ ಕಲ್ಲು ಹಾಕಿದವನು ನಾನು. ಹತ್ತೊಂಬತ್ತು ವರ್ಷಕ್ಕೆ ತುಮಕೂರಿನಲ್ಲಿ ಐಟಿಐ ಸೇರಿದೆ. ತುಂಬಿದ ಕೊಡ ತುಳುಕುವುದಿಲ್ಲವಂತೆ. ನನ್ನದು ಆರು ತಿಂಗಳ ವಿದ್ಯೆಯಲ್ಲಿ ತಳ ಮಾತ್ರ ಒದ್ದೆಯಾಗಿದ್ದ ಕೊಡ. ಎಂಜಿನ್ನು ಬಿಟ್ಟು ಬಿಟ್ಟು ಹೊಡೆದರೆ ಅದನ್ನು ಮಿಸ್ಸಿಂಗ್ ಎನ್ನುತ್ತಾರೆ, ಅದು ರೋಗ, ಅದನ್ನು ವಾಸಿ ಮಾಡಬೇಕು ಎಂದು ಕಲಿತುಕೊಂಡು ರಜೆಗೆ ಊರಿಗೆ ಬಂದೆ. ಜೊತೆಯ ಹುಡುಗರು ಮೊದಲೇ, "ಏನ್ಲಾ, ನಿಮ್ ಎಂಜಿನ್ನಿಗೆ ದಮ್ಮಾ?" ಎಂದು ಆಡಿಕೊಳ್ಳುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಒಂದು ಬೆಳಿಗ್ಗೆ ಅಕ್ಕ ಹಿತ್ತಲಲ್ಲಿದ್ದಾಗ, ಗಾರೆ ಕೆಲಸದವರು ಬಿಟ್ಟುಹೋಗಿದ್ದ ಒಂದು ಗೇಣು ಕಟ್ಟುಕಂಬಿ ತೆಗೆದುಕೊಂಡು ಆ ಸಣ್ಣ ಕೊಕ್ಕೆಯನ್ನು ಹಿಂದಕ್ಕೆಳೆದು ಬಿಗಿಯಾಗಿ ಕಟ್ಟಿದೆ. ಇನ್ನು ಅದು ಬಾಗಿಲನ್ನು ತೆರೆದು ಹಿಡಿಯುವ ಹಾಗಿಲ್ಲ. ಪ್ರತಿ ಸುತ್ತಿಗೂ ಹೊಡೆಯಲೇಬೇಕು.

ಅಕ್ಕ ಬಂದು ಚಾಲೂ ಮಾಡಿದಳು. ಕಲ್ಲಿನಲ್ಲಿ ರಾಗಿ ತುಂಬಿತ್ತು. ಡಬ್ ಡಬ್ ಡಬ್ ಎಂದು ಎಡೆಬಿಡದೆ ಹೊಡೆಯತೊಡಗಿತು. ನನ್ನ ಎದೆ ಉಬ್ಬಿತು. ಅಕ್ಕ ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದಳು.

"ಉಸ್ರೇ ಬುಡ್ತಿಲ್ವಲ್ಲಾ ಇದು?"

"ವಾಸಿಯಾಗಿದೆ ಅಕ್ಕ, ನೋಡ್ತಿರು" ಎಂದೆ.

ಎಲ್ಲ ಸರಿಯಿತ್ತು, ರಾಗಿ ಮುಗಿಯುವವರೆಗೆ. ಮುಗಿದಾಗ ಭಾರ ಇಳಿಯಿತು, ಎಂಜಿನ್ನಿಗೆ ತಡೆಯುವವರಿಲ್ಲ. ಸದ್ದು ಏರುತ್ತ ಏರುತ್ತ ಮಾಡಿನ ಹೆಂಚು ನಡುಗಿದವು. ನಾನು ಗೋಡೆಗೆ ಅಂಟಿಕೊಂಡೆ. ಅಕ್ಕ ಪೆಟ್ರೋಲಿನ ತಿರುಪು ಮುಚ್ಚಲು ಒಳಗೆ ನುಗ್ಗಿದಳು. ಅಷ್ಟರಲ್ಲಿ ಎಂಜಿನ್ನಿನಿಂದ ಕಲ್ಲಿಗೆ ಹಾಕಿದ್ದ ಅಗಲವಾದ ಬೆಲ್ಟು ಚಕ್ರದಿಂದ ಹಾರಿ ಅವಳ ಬಲಗೆನ್ನೆಗೂ ಕಿವಿಗೂ ಸೇರಿ ಬೀಸಿತು. ಅವಳು ನಿಂತಲ್ಲೇ ಕುಸಿದಳು. ನಾನು ಅವಳನ್ನು ಎತ್ತಲಿಲ್ಲ. ಅಪ್ಪನನ್ನು ಕರೆತರುತ್ತೇನೆ ಎಂದು ಹೊಲದ ಕಡೆ ಓಡಿದೆ. ಕರೆತರಲು ಹೋದೆನೋ ತಪ್ಪಿಸಿಕೊಳ್ಳಲು ಹೋದೆನೋ, ಇಂದಿಗೂ ನನಗೆ ತಿಳಿಯದು.

ಅಪ್ಪನೊಂದಿಗೆ ವಾಪಸು ಬಂದಾಗ ಎಂಜಿನ್ ನಿಂತಿತ್ತು. ಅಕ್ಕ ಸೆರಗಿನ ಮುದ್ದೆಯನ್ನು ಕಿವಿಗೆ ಒತ್ತಿಕೊಂಡು ಕಂಬಕ್ಕೊರಗಿದ್ದಳು, ಸೆರಗು ಕೆಂಪಾಗಿತ್ತು. ನಾನು ಮೊದಲು ನೋಡಿದ್ದು ಅವಳನ್ನಲ್ಲ, ಕೊಕ್ಕೆಯನ್ನು. ಅಲ್ಲಿ ಕಂಬಿ ಇರಲಿಲ್ಲ. ಅಷ್ಟೊಂದು ಅದುರಿದ್ದಕ್ಕೆ ಬಿಚ್ಚಿ ಎಲ್ಲೋ ಬಿದ್ದಿರಬೇಕು, ದೇವರು ದೊಡ್ಡವನು ಎಂದುಕೊಂಡೆ.

"ಬೆಲ್ಟಿಗೆ ರಾಳ ಆಕಿದ್ದೇನಮ್ಮಿ?" ಎಂದು ಅಪ್ಪ ಕೇಳಿದ. ರಾಳ ಹಾಕದಿದ್ದರೆ ಬೆಲ್ಟು ಜಾರುತ್ತದೆ.

"ಮರ್ತೋಯ್ತಪ್ಪ" ಎಂದಳು ಅಕ್ಕ.

ಆ ದಿನ ಬೆಳಿಗ್ಗೆ ಅವಳು ರಾಳ ಹಾಕಿದ್ದನ್ನು ನಾನೇ ನೋಡಿದ್ದೆ. ಆದರೂ ಸುಮ್ಮನಿದ್ದೆ.

"ಎಂಗಸ್ರ ಕೈಗೆ ಎಂಜಿನ್ ಕೊಟ್ಟಿದ್ದು ನಂದೇ ತಪ್ಪು" ಎಂದು ಅಪ್ಪ ಆ ತಿಂಗಳೊಳಗೆ ಅದನ್ನು ಹುಲಿಕುಂಟೆ ಕಡೆಯವರೊಬ್ಬರಿಗೆ, ಬಾವಿಯಿಂದ ನೀರೆತ್ತುವುದಕ್ಕೆಂದು ಮಾರಿಬಿಟ್ಟ. ಮಿಲ್ ಗಂಗಕ್ಕ ಬರೀ ಗಂಗಕ್ಕನಾದಳು. ರಾಗಿ ಮೂಟೆ ಹೊತ್ತು ಬೇರೆಯವರ ಮಿಲ್ಲಿಗೆ ಹೋಗಿ ಸಾಲಿನಲ್ಲಿ ನಿಲ್ಲುವಳು. ಅಲ್ಲಿ ಡೀಸೆಲ್ ಎಂಜಿನ್ ತಕತಕ ಎನ್ನುತ್ತಿದ್ದರೆ ಅವಳು ಎಡಗಿವಿಯನ್ನು ಅತ್ತ ತಿರುಗಿಸಿ ನಿಂತಿರುತ್ತಿದ್ದಳು. ಎಣಿಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ನಾನು ಓದು ಮುಗಿಸಿದೆ, ಮೇಷ್ಟ್ರಾದೆ. ಯಾವ ವಿಷಯಕ್ಕೆ ಎನ್ನುತ್ತೀರಿ? ಎಂಜಿನ್ ರಿಪೇರಿಗೆ. ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದೆ. ಹಳೆಯ ಎಂಜಿನ್ನುಗಳ ಪಾಠದಲ್ಲಿ ಆ ಕೊಕ್ಕೆಯ ಚಿತ್ರವನ್ನೂ ಬೋರ್ಡಿನ ಮೇಲೆ ಬರೆಯುತ್ತಿದ್ದೆ. "ಸಾರ್, ಅದನ್ನ ಕಟ್ಟಾಕ್ಬುಟ್ರೆ?" ಎಂದು ಒಬ್ಬ ಕೇಳಿದ್ದ. "ಎಂಜಿನ್ ಓವರ್ ಸ್ಪೀಡ್ ಆಗುತ್ತೆ. ಬರ್ಕೊಳ್ಳಿ" ಎಂದು ಬೋರ್ಡಿನ ಕಡೆ ತಿರುಗಿಕೊಂಡೆ. ಪುಸ್ತಕದಲ್ಲಿ ಇದ್ದದ್ದು ಅಷ್ಟೇ.

ಅಪ್ಪ ಹೋದ ಮೇಲೆ ಅಕ್ಕ ಮಧುಗಿರಿಗೆ ಬಂದು ನಮ್ಮ ಜೊತೆಗಿದ್ದಳು. ನನ್ನ ಮಕ್ಕಳನ್ನೂ ಅವಳೇ ಸಾಕಿದಳು. ಅವಳ ಎಡಗಿವಿ ಕೇಳುತ್ತಿದ್ದಷ್ಟು ಕಾಲ, ಎಂದರೆ ಮೂವತ್ತು ವರ್ಷಕ್ಕೂ ಹೆಚ್ಚು, ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಎನ್ನುವುದಕ್ಕೆ ಬರವೇ? ಅದೂ ಮುಚ್ಚಿದ ಮೇಲೆ ಗೊತ್ತಾಯಿತು, ಇನ್ನು ಕ್ಷಮೆ ಕೇಳಬೇಕೆಂದರೆ ಬೀದಿಗೆಲ್ಲ ಕೇಳುವಂತೆ ಕೂಗಬೇಕು. ಅವಳಿಗೆ ಓದಲು ಬರುತ್ತಿರಲಿಲ್ಲ, ಚೀಟಿ ಬರೆದು ಕೊಡುವ ಹಾಗೂ ಇಲ್ಲ.

ನಿವೃತ್ತಿಯಾದ ಮೇಲೆ ಆ ಎಂಜಿನ್ನನ್ನು ಹುಡುಕುವ ಹುಚ್ಚು ಹಿಡಿಯಿತು. ಹುಲಿಕುಂಟೆಯ ಆ ಮನೆಯವರು ಕರೆಂಟು ಬಂದಾಗಲೇ ಅದನ್ನು ಕೊಟ್ಟುಬಿಟ್ಟಿದ್ದರು. ಯಾರಿಗೆ ಎನ್ನುವುದು ನೆನಪಿರಲಿಲ್ಲ. ಸಿರಾದ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದೆ. ಅಲ್ಲಿ ಒಬ್ಬ ಸಾಬರು ನಾನು ಬರೆದುಕೊಂಡು ಹೋಗಿದ್ದ ಚಿತ್ರ ನೋಡಿ ಗಡ್ಡ ಕೆರೆದುಕೊಂಡರು. "ಅರೆ, ಇದು ನಾಗಲಮಡಿಕೆಯಲ್ಲಿ ಐತೆ ಮೇಷ್ಟ್ರೇ. ಒಡೆದು ತರೋಣ ಅಂತ ಹೋಗಿದ್ದೆ. ಆ ಬುಡ್ಡಾ ಅದಕ್ಕೆ ಹೂವ ಹಾಕಿ ಪೂಜೆ ಮಾಡ್ತಾ ಕೂತಿದ್ದ. ಖುದಾ ಅಂತ ನಂಬಿರೋ ವಸ್ತು ಮೇಲೆ ಸುತ್ತಿಗೆ ಎತ್ತೋದು ಹೆಂಗೆ? ವಾಪಸ್ ಬಂದ್ಬುಟ್ಟೆ" ಎಂದರು.

ಪಾವಗಡ ದಾಟಿ ನಾಗಲಮಡಿಕೆಗೆ ಹೋದೆ. ಆ ಮುದುಕರ ಹೆಸರು ಹನುಮಂತರಾಯಪ್ಪ. ಹಿಂದೆ ಕಡಲೆಕಾಯಿ ಸುಲಿಯುವ ಮಿಶಿನ್ನಿಗೆ ಆ ಎಂಜಿನ್ ಕಟ್ಟಿದ್ದರಂತೆ. ಅದು ನಿಂತು ಇಪ್ಪತ್ತು ವರ್ಷವಾಗಿತ್ತು. ಕೊಟ್ಟಿಗೆಯ ಮೂಲೆಯಲ್ಲಿ ಅದನ್ನು ನೋಡಿದಾಗ ಮೊದಲು ಗುರುತೇ ಹತ್ತಲಿಲ್ಲ. ವರ್ಷ ವರ್ಷದ ಆಯುಧಪೂಜೆಯ ಎಣ್ಣೆ, ಅರಿಸಿನ, ಕುಂಕುಮ, ವಿಭೂತಿ, ಕರ್ಪೂರದ ಮಸಿ ಸೇರಿ ಕಬ್ಬಿಣದ ಮೇಲೆ ಇನ್ನೊಂದು ಚರ್ಮ ಬಂದಿತ್ತು. ಚಕ್ರದ ಅಂಚಿನಲ್ಲಿ ಮಾತ್ರ ಒಂದು ಬಿಳಿ ಗೀಟು, ಹೊಸದಾಗಿ ಬಳಿದದ್ದು.

"ಈ ಗೀಟು ಯಾಕೆ ಎಳೆದಿದ್ದೀರಿ?" ಎಂದೆ.

"ಅದು ನಾಮ ಸಾರೂ. ಇದು ನಮ್ಮಿಂಟಿಗೆ ಬಂದಾಗ್ಲೇ ಇತ್ತು. ಎವರೋ ಪೆದ್ದೋಳ್ಳು, ಹಿರೀಕರು, ಇಟ್ಟಿರೋ ನಾಮ, ಅಳಿಸ್ಬಾರ್ದು ಅಂತ ಪ್ರತಿ ವರ್ಷ ಅದರ ಮ್ಯಾಲೇ ಬಳೀತೀವಿ" ಎಂದು ಮುದುಕರು ತೆಲುಗು ಬೆರೆಸಿ ಹೇಳಿದರು.

ನನ್ನ ಅಕ್ಕ ಕೈ ಇಡುವ ಜಾಗಕ್ಕೆಂದು ಎಳೆದ ಗೀಟನ್ನು ಗುರುತಿಲ್ಲದ ಜನ ಎಲ್ಲೋ ಕೂತು ಇಷ್ಟು ವರ್ಷ ಪೂಜೆ ಮಾಡಿದ್ದರು. ಅವಳ ಜೊತೆಯಲ್ಲೇ ಇದ್ದ ನಾನು ಒಂದು ಮಾತು ಹೇಳಿರಲಿಲ್ಲ.

ಎಂಜಿನ್ ಕೊಡುವಿರಾ ಎಂದೆ. ಅವರು ಒಪ್ಪಲಿಲ್ಲ. ಅಪರೂಪದ ಮಾದರಿ, ಹುಡುಗರಿಗೆ ತೋರಿಸಿ ಪಾಠ ಹೇಳುತ್ತೇನೆ ಎಂದು ಸುಳ್ಳು ಹೇಳಿದೆ. "ದೇವುಣ್ಣಿ ಯಾರಾನಾ ಮಾರ್ತಾರಾ?" ಎಂದು ಅವರು ಎದ್ದುಬಿಟ್ಟರು. ಆಗ ನನಗೇ ತಿಳಿಯದಂತೆ ನಿಜ ಬಾಯಿಗೆ ಬಂತು. ಕಂಬಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಮುದುಕರಿಗೆ ಕಿವಿ ಚೆನ್ನಾಗಿತ್ತು. ಮೆತ್ತಗೆ, ಪಿಸುಮಾತಿನಲ್ಲಿ ಹೇಳಿದರೂ ಸಾಕಾಯಿತು. ನಲವತ್ತು ವರ್ಷ ಮೀರಿ ಮುಚ್ಚಿಟ್ಟಿದ್ದನ್ನು ಹೇಳಿ ಮುಗಿಸಲು ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

"ಆಯಮ್ಮಂಗೆ ಹೇಳಿದ್ದೀಯಾ ಈ ಮಾತು?" ಎಂದರು.

ಇಲ್ಲ ಎಂದು ತಲೆಯಾಡಿಸಿದೆ.

"ಅಯಿತೇ ತಗೊಂಡು ಹೋಗಪ್ಪಾ. ಆಯಮ್ಮಂದೇ ಇದು. ಆದ್ರೆ ಒಂದು ಮಾತು. ಮೊದ್ಲು ಹೇಳು, ಆಮ್ಯಾಲೆ ಓಡ್ಸು."

ಹಾಗೇ ಮಾಡುತ್ತೇನೆ ಎಂದು ಮಾತು ಕೊಟ್ಟೆ. ತೆಂಗಿನಕಾಯಿ ಒಡೆದು, ಬೂದುಗುಂಬಳ ಇಳಿ ತೆಗೆದು, ಮನೆಮಗಳನ್ನು ಕಳಿಸುವ ಹಾಗೆ ಮಿನಿ ಲಾರಿಗೆ ಏರಿಸಿ ಕಳಿಸಿದರು.

ಮನೆಯ ಮುಂದೆ ಇಳಿಸಿದಾಗ ಅಕ್ಕ ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ಅವಳು ಎದ್ದು ಬಂದು ಸುತ್ತ ಒಂದು ಸಲ ನಡೆದಳು. ಚಕ್ರದ ಅಂಚಿನ ಮೇಲೆ ಕೈಯಾಡಿಸುತ್ತ ಗೀಟು ಸಿಕ್ಕಿದ ಕಡೆ ನಿಲ್ಲಿಸಿದಳು.

"ಏಟೊಂದು ಸಣ್ಣದಾಗೋಗೈತೆ ಇದು" ಎಂದಳು. ಅಷ್ಟೇ. ಒಳಗೆ ಹೋಗಿ ಹೊದ್ದು ಮಲಗಿಬಿಟ್ಟಳು.

ಮುಂದಿನ ಎಂಟು ತಿಂಗಳು ಸರೋಜ ನನ್ನನ್ನು ಹೇಗೆ ಸಹಿಸಿಕೊಂಡಳೋ. ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಸೀಮೆಎಣ್ಣೆಗೆ ಹರಳೆಣ್ಣೆ ಬೆರೆಸಿ ತುಂಬಿಸಿ ವಾರಗಟ್ಟಲೆ ಬಿಟ್ಟೆ. ಮನೆಯೆಲ್ಲ ಆ ವಾಸನೆ. ದಿನಾ ಬೆಳಿಗ್ಗೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟುತ್ತಿದ್ದೆ. "ನಿಮಗೆ ಮಂಡಿನೋವು ಅಂದ್ರೆ ನಾನು ಇಷ್ಟು ಎಣ್ಣೆ ತಿಕ್ಕಿಲ್ಲ" ಎನ್ನುವಳು ಸರೋಜ. ಕಿಡಿ ಹಾರಿಸುವ ಭಾಗಕ್ಕೆ ಅಭ್ರಕದ ಹಾಳೆ ಬೇಕಾಗಿತ್ತು, ಎಲ್ಲೂ ಸಿಗಲಿಲ್ಲ. ಕೊನೆಗೆ ಅವಳ ಇಸ್ತ್ರಿ ಪೆಟ್ಟಿಗೆ ಬಿಚ್ಚಿ ಅದರೊಳಗಿನ ಹಾಳೆ ಕತ್ತರಿಸಿಕೊಂಡೆ. ಆ ದಿನ ನಮ್ಮ ಮನೆಯಲ್ಲಿ ಕೂಗಿದವನು ನಾನಲ್ಲ.

ಲೇತ್ ಅಂಗಡಿಯವನು ಬಂದು, "ಈ ಕೊಳೆಯೆಲ್ಲ ಕೆರೆಸಿ ಹೊಸ ಪೇಂಟ್ ಹೊಡೆಸಿ ಸಾರ್, ಫಳಫಳ ಅನ್ನುತ್ತೆ" ಎಂದ. ಒಳಗಿನದನ್ನೆಲ್ಲ ತೊಳೆದೆ, ಮೇಲಿನ ಆ ಚರ್ಮವನ್ನು ಮಾತ್ರ ಮುಟ್ಟಲಿಲ್ಲ. ಅದರ ತಳದಲ್ಲಿ ಎಲ್ಲೋ ಅಕ್ಕ ಹಚ್ಚಿದ ಕುಂಕುಮವೂ ಇತ್ತು. ಅದನ್ನು ಕೆರೆಯುವ ಧೈರ್ಯ ನನಗಿರಲಿಲ್ಲ.

ಈ ನಡುವೆ ಕೊಟ್ಟ ಮಾತು ನೆನಪಾಗುತ್ತಲೇ ಇತ್ತು. ಮೊದಲು ಹೇಳಬೇಕು. ಬೀದಿಗೆ ಕೇಳಬಾರದಲ್ಲ ಎಂದು ಒಂದು ದಿನ ಅಕ್ಕನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕೊಡಿಗೇನಹಳ್ಳಿಯಾಚೆ ಜಯಮಂಗಲಿ ಹೊಳೆಯ ಮರಳಿಗೆ ಹೋದೆ. ಸುತ್ತ ನರಪಿಳ್ಳೆಯೂ ಇರಲಿಲ್ಲ. ಅವಳ ಎಡಗಿವಿಗೆ ಬಾಗಿ, "ಅಕ್ಕಾ! ಅವತ್ತು ಆ ಬೆಲ್ಟು..." ಎಂದು ಕೂಗಿದೆ. ಜಾಲಿ ಮರೆಯಿಂದ ಕುರಿ ಮೇಯಿಸುವವನೊಬ್ಬ ತಲೆ ಹಾಕಿ, "ಏನಣ್ಣ, ಬೆಲ್ಟು ಕಳ್ಕೊಂಡ್ಯಾ? ನಾನೂ ಹುಡುಕ್ಲಾ?" ಎಂದ. "ಏನಂದೆ?" ಎಂದು ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. "ಬಿಸಿಲು ಜಾಸ್ತಿ ಅಂದೆ" ಎಂದು ಕೂಗಿದೆ. ಅವಳು ಇನ್ನೂ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಆಮೇಲೆ ಮರಳು ನೋಡತೊಡಗಿದಳು.

ಎಂಜಿನ್ ಮತ್ತೆ ಚಾಲೂ ಆದ ಮೇಲೆ ಅವಳು ನಾಲ್ಕು ತಿಂಗಳು ಇದ್ದಳು. ಒಂದು ಸಣ್ಣ ಜ್ವರ ಬಂತು, ಮೂರನೇ ದಿನ ಹೋದಳು. ಆ ನಾಲ್ಕು ತಿಂಗಳಲ್ಲಿ, ಎಂಜಿನ್ ಚಾಲೂ ಆದ ದಿನದ ಮಾತನ್ನು ಅವಳು ಮತ್ತೆ ಎತ್ತಲಿಲ್ಲ; ನಾನೂ ಎತ್ತಲಿಲ್ಲ. ಆದ್ದರಿಂದ ಆ ದಿನದ್ದೊಂದನ್ನು ಹೇಳಿ ಮುಗಿಸುತ್ತೇನೆ.

ಅಂದು ಬೆಳಿಗ್ಗೆ ತೊಟ್ಟಿಗೆ ನೀರು ತುಂಬಿ, ಪೆಟ್ರೋಲು ಬಿಟ್ಟು, ಚಕ್ರ ಎಳೆದೆ. ಹತ್ತಲಿಲ್ಲ. ಮತ್ತೆ ಎಳೆದೆ. ಮೂರನೇ ಸಲಕ್ಕೆ ನನ್ನ ಸೊಂಟ ಹಿಡಿದುಕೊಂಡಿತು. ಜಗಲಿಯಿಂದ ಅಕ್ಕ ಕೂಗಿದಳು.

"ಗೀಟು ಇಡ್ಕೊಂಡು ಎಳಿ ಕಣ್ಲಾ, ಗೀಟು! ಮೇಷ್ಟ್ರಂತೆ ಮೇಷ್ಟ್ರು."

ಗೀಟಿನ ಮೇಲೆ ಕೈ ಇಟ್ಟು ಎಳೆದೆ. ಡಬ್! ಬೀದಿಯ ನಾಯಿಗಳೆಲ್ಲ ಎದ್ದು ಓಡಿದವು. ಸರೋಜ ಕಿವಿ ಮುಚ್ಚಿಕೊಂಡಳು. ಫುಸ್, ಫುಸ್, ಫುಸ್. ಡಬ್. ಅಕ್ಕ ಇಳಿದು ಬಂದು ಎಂಜಿನ್ನಿನ ಹತ್ತಿರ ನಿಂತಳು. ಹೊಡೆತ ಅವಳ ಮೈಗೆ ತಾಗುತ್ತಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಆದರೆ ನಡುವಿನ ಉಸಿರು ಅವಳಿಗೆಲ್ಲಿ ಕೇಳಬೇಕು?

ಎಂಜಿನ್ ರಿಪೇರಿಯವರು ಒಳಗಿನ ಸದ್ದು ಹಿಡಿಯಲು ಒಂದು ಉಪಾಯ ಮಾಡುತ್ತಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಇಡುತ್ತಾರೆ. ಸದ್ದು ಪರದೆಯ ದಾರಿ ಬಿಟ್ಟು ಮೂಳೆಯ ದಾರಿಯಲ್ಲಿ ಒಳಕ್ಕೆ ಹೋಗುತ್ತದೆ. ನರ ಗಟ್ಟಿ ಇದೆ ಎಂದು ಡಾಕ್ಟರು ಅಂದಿದ್ದು ನೆನಪಿತ್ತು. ಸ್ಕ್ರೂಡ್ರೈವರಿನ ತುದಿಯನ್ನು ತೊಟ್ಟಿಯ ಅಂಚಿಗಿಟ್ಟು, ಹಿಡಿಯನ್ನು ಅವಳ ಬಲಗಿವಿಯ ಹಿಂದೆ, ಆ ದಿನ ಬೆಲ್ಟು ಬಡಿದ ಜಾಗದ ಪಕ್ಕದಲ್ಲೇ ಇಟ್ಟೆ.

ಅಕ್ಕನ ಮುಖ ಒಮ್ಮೆಲೇ ನಿಂತುಹೋಯಿತು. ಕಣ್ಣು ಮುಚ್ಚಿಕೊಂಡಳು. ಸ್ಕ್ರೂಡ್ರೈವರನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಒತ್ತಿ ಹಿಡಿದಳು. ತುಟಿ ಅಲುಗಾಡತೊಡಗಿತು. ಒಂದು, ಎರಡು, ಮೂರು. ಅವಳು ಎಣಿಸುತ್ತಿದ್ದಳು. ನನಗೆ ಅಳು ಬಂತು. ಎಷ್ಟು ಚೆನ್ನಾಗಿದೆಯಲ್ಲ, ಹೇಳದೆಯೇ ಎಲ್ಲ ಸರಿಹೋಯಿತಲ್ಲ ಎಂದುಕೊಂಡೆ.

ಆಗ ಅವಳ ಇನ್ನೊಂದು ಕೈ ಮೆಲ್ಲಗೆ ಚಾಚಿತು. ತಡಕಾಡಲಿಲ್ಲ. ನೇರವಾಗಿ ಆ ಸಣ್ಣ ಕೊಕ್ಕೆಯ ಹತ್ತಿರ ಹೋಗಿ, ಬೆರಳಿನಿಂದ ಅದರ ಹಿಂದುಗಡೆ ಮುಟ್ಟಿ ನೋಡಿತು.

"ಈ ಸಲ ಕಂಬಿ ಕಟ್ಟಿಲ್ಲ ಅಲ್ವೇನ್ಲಾ?" ಎಂದಳು.

ಸಾರಿಗೆ ಉಪ್ಪು ಹಾಕಿದೆಯಾ ಎಂದು ಕೇಳುವ ಹಾಗೆ ಕೇಳಿದಳು. ಅವಳು ಕಣ್ಣು ತೆರೆಯದೆಯೇ ಮಾತಾಡಿದಳು.

"ಅವತ್ತು ಬಿಚ್ಚಿದ್ದು ನಾನೇಯಾ. ಅಪ್ಪ ನೋಡಿದ್ರೆ ನಿನ್ ಓದು ಬುಡುಸ್ಬುಡ್ತಿದ್ದ. ಹಿತ್ಲು ಬಾವಿಗೆ ಎಸ್ದೆ." ಡಬ್ ಎಂದಿತು ಎಂಜಿನ್ನು. ಅದರ ಉಸಿರುಗಳು ಮುಗಿಯುವವರೆಗೆ ಅವಳು ಕಾದಳು. "ನೀನೇ ಒಂದಿನ ಹೇಳ್ತೀಯ ಅಂತಿದ್ದೆ. ಕಿವಿ ಕೇಳೋ ಗಂಟ ಕಾಯ್ದೆ ಕಣ್ಲಾ."

ನಾನು ಅವಳ ಕಿವಿಯ ಹತ್ತಿರ ಬಾಗಿದೆ.

"ನಿಲ್ಸು" ಎಂದಳು. "ಹತ್ತುಸ್ರು ಬುಡ್ತೈತೆ. ಖಾಲಿ ಓಡ್ತೈತೆ. ಕಾಳಿಲ್ದೆ ಯಾಕೆ ಓಡುಸ್ತೀಯಾ?"

ತಿರುಪು ಮುಚ್ಚಿದೆ. ಹೊಡೆತ ನಿಂತಿತು. ಚಕ್ರಗಳು ಮಾತ್ರ ತಮ್ಮ ತೂಕಕ್ಕೆ ತಾವೇ ತಿರುಗುತ್ತಿದ್ದವು. ಅಕ್ಕ ಸ್ಕ್ರೂಡ್ರೈವರನ್ನು ತೆಗೆಯದೆ ಹಾಗೇ ಒತ್ತಿ ಹಿಡಿದು ಚಕ್ರವನ್ನೇ ನೋಡುತ್ತಿದ್ದಳು. ಈಗ ಹೇಳಬೇಕು, ಈಗ ಕೂಗಬೇಕು, ಬೀದಿಯೆಲ್ಲ ಬಂದು ನಿಂತರೂ ಸರಿ ಎಂದುಕೊಂಡೆ. ಸಕ್ಕರೆ ಕೇಳಲು ಕಿರುಚುವ ಗಂಟಲು ಆಗ ಏಳಲಿಲ್ಲ.

"ಅಕ್ಕಾ, ತಪ್ಪಾಯ್ತು" ಎಂದೆ. ಮೆತ್ತಗೆ, ಕಿವಿ ಕೇಳುವವರಿಗೆ ಹೇಳುವ ಹಾಗೆ.

ಚಕ್ರ ಕೊನೆಯ ಅರ್ಧ ಸುತ್ತು ಹೋಗಿ, ಹಿಂದಕ್ಕೆ ಸ್ವಲ್ಪ ತೂಗಿ, ನಿಂತಿತು.

"ನಿಂತೋಯ್ತು" ಎಂದು ಅಕ್ಕ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟು, ರೊಟ್ಟಿ ತಟ್ಟಲು ಒಳಗೆ ಹೋದಳು.